ಹಂಪಿಯ ತೇರುಬೀದಿ ಯಾರದು?

ಕೇಳುಗರಿಗೆ ನಮಸ್ಕಾರ.

ಹಂಪಿಯ ವಿರೂಪಾಕ್ಷ ಗುಡಿಯ ಮುಂದಿನಿಂದ ಎದುರು ಬಸವಣ್ಣ ಎಂಬ ಕಲ್ಲಿನ ನಂದಿಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ತೇರುಬೀದಿ ಇದೆ. ಎರಡೂ ಬದಿಗೆ ಕಲ್ಲಿನ ಸಾಲುಮಂಟಪಗಳು. 2011ರ ಜುಲೈವರೆಗೆ ಆ ಮಂಟಪಗಳಲ್ಲಿ ಜನರಿದ್ದರು. ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿಕೊಂಡು ಸಂಸಾರ ಹೂಡಿದ್ದರು, ಕಾಯಿ-ಕರ್ಪೂರ, ಟೀ, ಬಟ್ಟೆ ಮಾರುತ್ತಿದ್ದರು. ಒತ್ತುವರಿ ತೆರವಿನ ಹೆಸರಿನಲ್ಲಿ ಅವರನ್ನೆಲ್ಲ ಎಬ್ಬಿಸಲಾಯಿತು. ಪುನರ್ವಸತಿಗೆ ಕಡ್ಡಿರಾಂಪುರದಲ್ಲಿ ಜಾಗ ಗೊತ್ತುಮಾಡಿದರು.

ತೆರವು ಮಾಡಿದವರ ಕಡೆಗೂ ನ್ಯಾಯವಿತ್ತು. ಶತಮಾನಗಳ ಹಿಂದಿನ ಕಂಬಕ್ಕೆ ಸಿಮೆಂಟು ಮೆತ್ತುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಈ ಬೀದಿಯನ್ನು ಕಟ್ಟಿದ್ದೇ ಪೇಟೆಯಾಗಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ವಿಜಯನಗರದ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳ ವ್ಯಾಪಾರ ಕಂಡು ಬೆರಗಾಗಿ ಬರೆದಿದ್ದಾನೆ. ವ್ಯಾಪಾರವಿಲ್ಲದ ಪೇಟೆಯನ್ನು ಪರಂಪರೆ ಎಂದು ತೋರಿಸುತ್ತಿದ್ದೇವೆ. ಸಿಮೆಂಟು ಕೀಳಬೇಕಿತ್ತು, ನಿಜ. ಜನರನ್ನೂ ಕೀಳಬೇಕಿತ್ತೇ?

ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. 1999ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತು. ತಳವಾರಘಟ್ಟದಿಂದ ತುಂಗಭದ್ರೆಯ ಆಚೆಯ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. ಸೇತುವೆ ಮಾತ್ರ 2009ರ ಜನವರಿಯಲ್ಲಿ, ಇನ್ನೂ ಕೆಲಸ ನಡೆಯುತ್ತಿರುವಾಗಲೇ ಕುಸಿದು ಕಾರ್ಮಿಕರ ಜೀವ ತೆಗೆಯಿತು. ಪರಂಪರೆಯ ಚರ್ಚೆಯಲ್ಲಿ ಈ ಸಾವುಗಳ ಮಾತು ಅಪರೂಪ. ಸೇತುವೆಯಿಂದ ನೋಟ ಕೆಡುತ್ತದೆ ಎಂದವರಿದ್ದರು. ಆನೆಗೊಂದಿಯವರಿಗೆ ಅದು ಆಸ್ಪತ್ರೆಗೂ ಸಂತೆಗೂ ಹೋಗುವ ದಾರಿಯಾಗಿತ್ತು. ಅವರು ಹರಿಗೋಲು ಹತ್ತುವುದನ್ನು ಮುಂದುವರಿಸಿದರು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ತಳಕ್ಕೆ ಪ್ಲಾಸ್ಟಿಕ್ ಹೊದಿಸಿ, ನೀರು ನುಗ್ಗದಂತೆ ಡಾಂಬರು ಬಳಿದಿರುತ್ತಾರೆ. ಪ್ರವಾಸಿಗೆ ಅದು ಫೋಟೊ, ಅಂಬಿಗನಿಗೆ ಅಂದಿನ ಕೂಲಿ. ಹೊಳೆ ತುಂಬಿದರೆ ಎರಡೂ ಇಲ್ಲ.

ಹೊಳೆಯಾಚೆಯ ವಿರೂಪಾಪುರ ಗಡ್ಡಿಯ ಕಥೆ ಬೇರೆ. ಅಲ್ಲಿ ಗದ್ದೆಗಳ ನಡುವೆ ರೆಸಾರ್ಟುಗಳು ಎದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಅವು ನೆಲಸಮವಾದವು. ನನಗೆ ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಮುಂದಿನ ಲೆಕ್ಕದಲ್ಲಿ. ಪ್ರವಾಸಿ ಹೊಸಪೇಟೆಯ ಹೋಟೆಲಿನಲ್ಲಿ ಉಳಿದು, ಅಲ್ಲಿಂದಲೇ ಕಾರು ಮಾಡಿಕೊಂಡು ಬಂದು, ಸಂಜೆ ಹೇಮಕೂಟ ಗುಡ್ಡದಲ್ಲಿ ಸೂರ್ಯಾಸ್ತ ನೋಡಿ ಹೊರಟುಬಿಟ್ಟರೆ ಹಂಪಿಯ ಊರಿಗೆ ಉಳಿಯುವುದು ಎಳನೀರಿನ ಬುರುಡೆ ಮಾತ್ರ.

ಯಾರ ಕಣ್ಣಿಗೂ ಬೀಳದ ಸ್ಮಾರಕವೊಂದು ಅಲ್ಲೇ ಇದೆ: ತುರ್ತು ಕಾಲುವೆ. ವಿಜಯನಗರದ ಅರಸರ ಕಾಲದ ಈ ಕಾಲುವೆ ತುಂಗಭದ್ರೆಯ ನೀರನ್ನು ಇವತ್ತಿಗೂ ಹಂಪಿಯ ಬಂಡೆಗಳ ನಡುವಿನ ಗದ್ದೆಗಳಿಗೆ ಹಾಯಿಸುತ್ತದೆ. ಅದರ ನೀರಿನಲ್ಲೇ ಬಾಳೆ, ಕಬ್ಬು, ಭತ್ತ ಬೆಳೆಯುತ್ತವೆ. ಕಲ್ಲಿನ ರಥವನ್ನು ಐವತ್ತು ರೂಪಾಯಿ ನೋಟಿನಲ್ಲಿ ಅಚ್ಚುಹಾಕಿದೆವು. ಇನ್ನೂ ದುಡಿಯುತ್ತಿರುವ ಕಾಲುವೆಯನ್ನು ತೋರಿಸುವ ಗೈಡು ವಿರಳ. ಹೂಳು ತೆಗೆದು, ಮಡೆ ತಿರುಗಿಸಿ ಅದನ್ನು ಉಳಿಸಿಕೊಂಡು ಬಂದವರು ರೈತರು. ಅವರೂ ಪರಂಪರೆಯ ಪಾಲಕರೇ ತಾನೆ? ಆದರೆ ಅದೇ ರೈತನ ಮನೆ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗಿದ್ದರೆ ಹೊಸ ಕಟ್ಟಡಕ್ಕೆ ಕಾನೂನಿನ ನಿಷೇಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಗಿನ ಇನ್ನೂರು ಮೀಟರ್ ನಿಯಂತ್ರಿತ ವಲಯ. ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಸಲು ಆಗದವನಿಗೆ ಪರಂಪರೆಯ ಹೆಮ್ಮೆ ಎಷ್ಟು ದಿನ ಇದ್ದೀತು?

ಆನೆಗೊಂದಿಯಲ್ಲಿ ಬೇರೆ ಪ್ರಯತ್ನವೂ ನಡೆದಿದೆ. ಬಾಳೆಯ ನಾರಿನಿಂದ ಹಗ್ಗ ಹೊಸೆದು, ಚೀಲ, ಬುಟ್ಟಿ, ಚಾಪೆ ಹೆಣೆಯುವುದನ್ನು ಹೆಂಗಸರು ಕಲಿತಿದ್ದಾರೆ. ಗೊನೆ ಕಡಿದ ಮೇಲೆ ತಿಪ್ಪೆಗೆ ಹೋಗುತ್ತಿದ್ದ ದಿಂಡು ಅವರ ಕೈಗೆ ದುಡ್ಡು ತರುತ್ತಿದೆ. ತಮ್ಮ ಗದ್ದೆಯ ಬೆಳೆಯಿಂದಲೇ ಹುಟ್ಟಿದ ಕಸುಬಾದ್ದರಿಂದ ಅದು ಅವರದೇ ಅನ್ನಿಸುತ್ತದೆ. ಹಾಗಾಗಿಯೇ ನನಗೆ ಇದು ಮೆಚ್ಚುಗೆ.

ಹಂಪಿಗಾಗಿಯೇ ಕಾಯಿದೆ ಇದೆ, ಪ್ರಾಧಿಕಾರವೂ ಇದೆ. ಪ್ರಾಧಿಕಾರ ತನ್ನ ಸಭೆಯ ವಿಷಯಪಟ್ಟಿಯನ್ನು ವಾರ ಮೊದಲೇ ಕನ್ನಡದಲ್ಲಿ ಪ್ರತಿ ಪಂಚಾಯಿತಿಯ ಹಲಗೆಗೆ ಅಂಟಿಸಲಿ. ಮನೆ ದುರಸ್ತಿಯ ಅರ್ಜಿಗಳನ್ನು ಮೊದಲು ಎತ್ತಿಕೊಳ್ಳಲಿ. ತೇರುಬೀದಿಯ ಮಂಟಪಗಳಲ್ಲಿ ಕಂಬಕ್ಕೆ ಮೊಳೆ ಹೊಡೆಯದೆ, ಸಂಜೆಗೆ ಎತ್ತಿಡಬಹುದಾದ ಅಂಗಡಿ ಹಾಕಲು ಅಲ್ಲಿಂದ ಎಬ್ಬಿಸಿದ ಮನೆಗಳವರಿಗೇ ಮೊದಲ ಪರವಾನಗಿ ಕೊಡಲಿ. ಚೈತ್ರದ ಜಾತ್ರೆಯ ಹೊತ್ತಿಗೆ ಹದಿನೈದು ದಿನ ಪ್ರಯೋಗ ಮಾಡಿ ನೋಡಲಿ.

ನಮಸ್ಕಾರ.