ಗಾಡಿ ಅಲ್ಲಾಡಲಿ, ಸೈಕಲ್ ಅಲ್ಲಾಡಬಾರದು

ಕೇಳುಗರೆಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಸೈಕಲ್ ಮಾರಾಟ, ರಿಪೇರಿ ನನ್ನ ಕೆಲಸ. ರಜೆ ಹತ್ತಿರ ಬಂತೆಂದರೆ ಅಂಗಡಿಗೆ ಬರುವವರೆಲ್ಲ ಒಂದೇ ಮಾತು ಕೇಳುತ್ತಾರೆ. "ಟೆಂಟು, ಒಲೆ, ಪಾತ್ರೆ ಎಲ್ಲಾ ಕಾರಲ್ಲಿ ಹಿಡಿಯುತ್ತೆ. ಸೈಕಲ್ ಏನ್ಮಾಡೋದು?" ಇವತ್ತು ಅದಕ್ಕೆ ಉತ್ತರ ಹೇಳಲು ನನ್ನನ್ನು ಕರೆದಿದ್ದಾರೆ.

ಮಕ್ಕಳನ್ನು ಕರೆದುಕೊಂಡು ಎರಡು ದಿನ ಹೊರಗಡೆ ಟೆಂಟು ಹಾಕಬೇಕು ಅಂದುಕೊಂಡಿರುವ ಅಪ್ಪ ಅಮ್ಮಂದಿರು ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಹೋಂಸ್ಟೇ ನಡೆಸುವವರು, ತೋಟದ ಪಿಕಪ್ ಓಡಿಸುವವರು ಕೂಡ ಕೇಳಿಸಿಕೊಳ್ಳಿ. ನಾನು ಹೇಳುವ ಮುಖ್ಯ ವಿಷಯ ಒಂದೇ. ಅದನ್ನು ಈಗಲೇ ಹೇಳಿಬಿಡುತ್ತೇನೆ.

ಸೈಕಲ್ ಕಟ್ಟಿ ಮುಗಿಸಿದ ಮೇಲೆ ಒಂದು ಕೈಯಲ್ಲಿ ಸೀಟು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಜೋರಾಗಿ ಅಲ್ಲಾಡಿಸಿ. ಸೈಕಲ್ ಜೊತೆಗೆ ಇಡೀ ಗಾಡಿ ಅಲ್ಲಾಡಬೇಕು. ಗಾಡಿ ಸುಮ್ನೆ ನಿಂತು ಸೈಕಲ್ ಮಾತ್ರ ಅಲ್ಲಾಡಿತು ಅಂದರೆ ಬಿಚ್ಚಿ, ಮತ್ತೆ ಕಟ್ಟಿ. ಗಾಡಿ ಅಲ್ಲಾಡಲಿ, ಸೈಕಲ್ ಅಲ್ಲಾಡಬಾರದು. ಅಷ್ಟೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ರಸ್ತೆ. ಮೈಸೂರಿನ ಕಡೆಯ ನೇರ ರಸ್ತೆಯಲ್ಲಿ ಹೇಗೋ ನಿಲ್ಲುವ ಗಂಟು ಸಂಪಾಜೆ ಘಾಟಿಯಲ್ಲಿ ನಿಲ್ಲುವುದಿಲ್ಲ. ಮಾಕುಟ್ಟ ಘಾಟಿಯಲ್ಲೂ ನಿಲ್ಲುವುದಿಲ್ಲ. ಎಡಕ್ಕೊಂದು ತಿರುವು, ಬಲಕ್ಕೊಂದು ತಿರುವು. ಪ್ರತಿ ತಿರುವಿನಲ್ಲೂ ಸೈಕಲ್ ಒಂದೊಂದು ಕಡೆ ಎಳೆಯುತ್ತದೆ. ಆಮೇಲೆ ತೋಟದ ಒಳಗಿನ ಕಲ್ಲು ರಸ್ತೆ ಬೇರೆ. ಸ್ವಲ್ಪ ಸಡಿಲ ಇದ್ದದ್ದು ಪೂರ್ತಿ ಸಡಿಲ ಆಗುವುದು ಅಲ್ಲೇ.

ಈಗ ದಾರಿಗಳನ್ನು ನೋಡೋಣ. ದುಡ್ಡು ಖರ್ಚಿಲ್ಲದ್ದು ಮೊದಲು. ಒಂದೇ ಸೈಕಲ್ ಇದ್ದರೆ ಕಾರಿನ ಒಳಗೇ ಇಡಿ. ಹಿಂದಿನ ಸೀಟು ಮಡಚಿ, ಮುಂದಿನ ಚಕ್ರ ಬಿಚ್ಚಿ, ಸೀಟು ಇಳಿಸಿ. ಇವತ್ತಿನ ಎಷ್ಟೋ ಸೈಕಲ್‌ಗಳ ಚಕ್ರ ಬಿಚ್ಚಲು ಪಾನಾ ಕೂಡ ಬೇಡ, ಒಂದು ಲಿವರ್ ತಿರುಗಿಸಿದರೆ ಸಾಕು. ಮಲಗಿಸುವಾಗ ಚೈನು, ಗೇರು ಇರುವ ಬಲಗಡೆ ಮೇಲೆ ಬರಲಿ. ಗೇರಿನ ಮೇಲೆ ಭಾರ ಬಿದ್ದರೆ ಅದು ಕೂತಿರುವ ಪುಟ್ಟ ಲೋಹದ ತುಂಡು ಬಗ್ಗಿ, ಕ್ಯಾಂಪಿಗೆ ಹೋದ ಮೇಲೆ ಗೇರು ಹಾರುತ್ತದೆ. ಎಣ್ಣೆಯಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಜಾಗದಲ್ಲಿ ಎರಡು ಪ್ಯಾಡ್ ಮಧ್ಯೆ ರಟ್ಟಿನ ತುಂಡು ಸಿಕ್ಕಿಸಿ. ಮಕ್ಕಳು ಆಟಕ್ಕೆ ಬ್ರೇಕ್ ಒತ್ತಿದರೆ ಪ್ಯಾಡ್ ಎರಡೂ ಅಂಟಿಕೊಳ್ಳುತ್ತವೆ, ಚಕ್ರ ವಾಪಸ್ ಒಳಗೆ ಹೋಗುವುದಿಲ್ಲ. ಚೈನಿಗೆ ಹಳೇ ಕಾಫಿ ಚೀಲ ಸುತ್ತಿ. ಚೈನಿನ ಎಣ್ಣೆ ಟೆಂಟಿನ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಒಳಗಿದೆ ಅಂತ ಕಟ್ಟದೆ ಬಿಡಬೇಡಿ. ಜೋರು ಬ್ರೇಕ್ ಹಾಕಿದರೆ ಅದು ಸೀದಾ ಮುಂದಿನ ಸೀಟಿಗೆ ಬರುತ್ತದೆ. ಕಾರಿನ ಒಳಗೂ ಅದೇ ಮಾತು, ಅಲ್ಲಾಡಬಾರದು.

ಎರಡು ಮೂರು ಸೈಕಲ್ ಇದ್ದರೆ ಡಿಕ್ಕಿಯ ಬಾಗಿಲಿಗೆ ಬೆಲ್ಟಿನಿಂದ ಬಿಗಿಯುವ ರ‍್ಯಾಕ್ ಸಿಗುತ್ತದೆ. ಬೆಲೆ ಕಮ್ಮಿ, ಬಿಚ್ಚಿಟ್ಟರೆ ಮನೆಯಲ್ಲಿ ಜಾಗ ತಿನ್ನುವುದಿಲ್ಲ. ನಮ್ಮ ಕಡೆ ಹೆಚ್ಚು ಕಾಣುವುದು ಇದೇ. ಹೆಚ್ಚು ತೊಂದರೆ ಕೊಡುವುದೂ ಇದೇ. ಅದಕ್ಕೆ ಒಂದು ಘಟನೆ ಹೇಳಲೇಬೇಕು.

ಒಂದು ಏಪ್ರಿಲ್ ರಜೆಯಲ್ಲಿ ಮೈಸೂರು ಕಡೆಯಿಂದ ಒಂದು ಕುಟುಂಬ ಬಂತು. ಚಿಕ್ಕ ಕಾರು. ಹಿಂದೆ ರ‍್ಯಾಕ್, ಅದರ ಮೇಲೆ ಎರಡು ಸೈಕಲ್. ಅಪ್ಪನದು ದೊಡ್ಡದು, ಮಗಳದು ಹಳದಿ ಬಣ್ಣದ ಪುಟ್ಟ ಸೈಕಲ್. ಚೇರಂಬಾಣೆ ಹತ್ತಿರ ನೆಂಟರ ತೋಟದಲ್ಲಿ ಟೆಂಟು ಹಾಕಬೇಕು ಅಂತ ಹೊರಟಿದ್ದರು. ಕುಶಾಲನಗರ ದಾಟಿದ ಮೇಲೆ ಮಳೆ ಹಿಡಿದಿದೆ. ಏಪ್ರಿಲ್ ಮಧ್ಯಾಹ್ನದ ಮಳೆ ಗೊತ್ತಲ್ಲ, ಬಂದರೆ ಒಂದೇ ಸಮ ಹೊಡೆಯುತ್ತದೆ. ಸುಂಟಿಕೊಪ್ಪ ಕಳೆದು, ಬೋಯಿಕೇರಿ ಹತ್ತಿರ ಬರುವಾಗ ಹಿಂದೆ ಢಂ ಅಂತ ಶಬ್ದ. ಕಾರಿನ ಟೈರ್ ಹೋಯಿತು ಅಂತ ಅವರು ಮಳೆಯಲ್ಲೇ ಇಳಿದು ನಾಲ್ಕೂ ಚಕ್ರ ನೋಡಿದರು. ನಾಲ್ಕೂ ಸರಿ ಇದೆ! ಆದರೆ ರಬ್ಬರ್ ಸುಟ್ಟ ವಾಸನೆ. ಮಗಳೇ ಕಂಡುಹಿಡಿದಳು. ಅವಳ ಸೈಕಲ್ಲಿನ ಮುಂದಿನ ಚಕ್ರ ಕೆಳಗೆ ಜಾರಿ, ಸರಿಯಾಗಿ ಸೈಲೆನ್ಸರ್ ಬಾಯಿಗೆ ಬಂದು ನಿಂತಿತ್ತು.

ಅಂಗಡಿಗೆ ತಂದಾಗ ನಾನು ನೋಡಿದೆ. ಟೈರಿನ ಒಂದು ಪಕ್ಕ ಕರಗಿ ಒಳಗಿನ ನೂಲು ಎದ್ದು ಕಾಣುತ್ತಿತ್ತು. ಟ್ಯೂಬ್ ಸಿಡಿದು ಹೋಗಿತ್ತು. ಹುಡುಗಿ ಒಂದು ಮಾತೂ ಆಡದೆ ಆ ಚಕ್ರವನ್ನೇ ನೋಡುತ್ತಾ ನಿಂತಿದ್ದಳು.

ನಾನು ಕೇಳಿದೆ, ಯಾವುದರಲ್ಲಿ ಕಟ್ಟಿದ್ದೀರಿ? ಟೆಂಟಿನ ಜೊತೆ ತಂದ ನೈಲಾನ್ ಹಗ್ಗ. "ಹೊಸಾ ಹಗ್ಗ ಸಾರ್, ತುಂಬಾ ಗಟ್ಟಿ" ಅಂದರು. ಗಟ್ಟಿ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಹಗ್ಗ ತುಂಡಾಗುತ್ತದಾ ಅಂತಲ್ಲ, ಉದ್ದ ಆಗುತ್ತದಾ ಅಂತ. ನೈಲಾನ್ ನೀರು ಕುಡಿಯುತ್ತದೆ. ಒದ್ದೆಯಾದರೆ ಹಿಗ್ಗುತ್ತದೆ. ಬಿಸಿಲಲ್ಲಿ ಬಿಗಿಯಾಗಿ ಕಟ್ಟಿದ್ದು ಮಳೆಯಲ್ಲಿ ಜೋತು ಬೀಳುತ್ತದೆ. ಕೊಡಗಿನ ಮಳೆಯಲ್ಲಂತೂ ಕೇಳುವುದೇ ಬೇಡ. ಆ ಅಪ್ಪನ ಸೈಕಲ್ ಹಿಡಿದು ಅವರ ಎದುರೇ ಅಲ್ಲಾಡಿಸಿದೆ. ಸೈಕಲ್ ಒಂದು ಗೇಣು ಆಚೆ ಈಚೆ ಹೋಯಿತು. ಕಾರು ಅಲ್ಲಾಡಲೇ ಇಲ್ಲ.

ಎಲ್ಲಾ ಬಿಚ್ಚಿಸಿದೆ. ಪಾಲಿಯೆಸ್ಟರ್ ಬೆಲ್ಟ್ ಕೊಟ್ಟೆ. ಒತ್ತಿದರೆ ಬಿಡುವ, ಎಳೆದರೆ ಹಿಡಿಯುವ ಬಕಲ್ ಇರುತ್ತದಲ್ಲ, ಅಂಥದ್ದು. ಪಾಲಿಯೆಸ್ಟರ್ ಮಳೆಗೆ ಹಿಗ್ಗುವುದಿಲ್ಲ. ಲಾರಿಯವರ ರ‍್ಯಾಚೆಟ್ ಬೆಲ್ಟ್ ಬೇಡ. ಅದನ್ನು ಕಟಕಟ ಅಂತ ಬಿಗಿಯುತ್ತಾ ಹೋದರೆ ಸೈಕಲ್ಲಿನ ತೆಳು ಪೈಪು ನೆಗ್ಗುತ್ತದೆ. ರಬ್ಬರ್ ಕೊಕ್ಕೆಯಂತೂ ಬೇಡವೇ ಬೇಡ, ಹಿಗ್ಗುವುದೇ ಅದರ ಗುಣ. ಒಂದು ಸೈಕಲ್ಲಿನ ಹ್ಯಾಂಡಲ್ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ ಮಾಡಿ ಇಟ್ಟೆ. ಒಳಗಡೆ ತಾಗುವ ಪೆಡಲ್ ಬಿಚ್ಚಿದೆ. ಪೆಡಲ್ ಬಿಚ್ಚುವಾಗ ತುಂಬಾ ಜನ ಎಡಗಡೆಯದನ್ನು ಇನ್ನೂ ಬಿಗಿ ಮಾಡುತ್ತಾರೆ, ಅದರ ತಿರುಪು ಉಲ್ಟಾ ಇರುತ್ತದೆ. ಸುಲಭ ದಾರಿ ಹೇಳುತ್ತೇನೆ. 15ರ ಸ್ಪ್ಯಾನರ್ ಹಿಡಿ ಮೇಲಕ್ಕೆ ಬರುವ ಹಾಗೆ ಸಿಕ್ಕಿಸಿ, ಹಿಂದಿನ ಚಕ್ರದ ಕಡೆ ತಳ್ಳಿ. ಎರಡು ಪೆಡಲೂ ಬಿಚ್ಚಿಕೊಳ್ಳುತ್ತವೆ. ಪೈಪಿಗೆ ಪೈಪು ತಾಗುವ ಕಡೆ ಹಳೇ ಟ್ಯೂಬ್ ತುಂಡು ಸುತ್ತಿದೆ. ಯಾವ ಸೈಕಲ್ ಅಂಗಡಿಯಲ್ಲೂ ಹಳೇ ಟ್ಯೂಬ್ ಸುಮ್ನೆ ಕೊಡುತ್ತಾರೆ, ಕೇಳಿ. ಮುಂದಿನ ಚಕ್ರ ಆಟವಾಡದಂತೆ ಅದನ್ನು ಫ್ರೇಮಿಗೇ ಕಟ್ಟಿದೆ. ಸೈಲೆನ್ಸರ್‌ನಿಂದ ಎಲ್ಲಾ ಚಕ್ರ ದೂರ, ಮೇಲೆ. ಆಮೇಲೆ ಆ ಹುಡುಗಿಯನ್ನೇ ಕರೆದು ಅಲ್ಲಾಡಿಸಲು ಹೇಳಿದೆ. ಎರಡು ಕೈಯಲ್ಲಿ ಹಿಡಿದು ಎಳೆದಾಡಿದಳು. ಕಾರು ಅಲ್ಲಾಡಿತು! ಮೂರು ದಿನ ಬಿಟ್ಟು ವಾಪಸ್ ಹೋಗುವಾಗ ಅಂಗಡಿ ಮುಂದೆ ನಿಲ್ಲಿಸಿದರು. ಬೆಲ್ಟ್ ಒಂದು ಬೆರಳಿನಷ್ಟೂ ಜಾರಿರಲಿಲ್ಲ.

ಈ ರ‍್ಯಾಕ್ ಬಗ್ಗೆ ಇನ್ನೆರಡು ಮಾತು. ಕೊಕ್ಕೆಗಳು ಲೋಹದ ಅಂಚಿಗೆ ಬೀಳಬೇಕು, ಗಾಜಿಗೂ ಪ್ಲಾಸ್ಟಿಕ್ ಸ್ಪಾಯ್ಲರಿಗೂ ಅಲ್ಲ. ಸೈಕಲ್ ಕಟ್ಟಿದ ಮೇಲೆ ಡಿಕ್ಕಿ ತೆಗೆಯಲು ಆಗುವುದಿಲ್ಲ. ರೇನ್‌ಕೋಟು, ತಿಂಡಿ, ಟಾರ್ಚು ಮೊದಲೇ ಹಿಂದಿನ ಸೀಟಿಗೆ ಬರಲಿ. ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಬಾರದು, ಅದು ಕಾನೂನು. ಕಾನೂನು ಬಿಡಿ, ಮಡಿಕೇರಿಯ ಮಂಜಿನಲ್ಲಿ ನಿಮ್ಮ ಬ್ರೇಕ್ ದೀಪ ಕಾಣದಿದ್ದರೆ ಹಿಂದಿನ ಬಸ್ಸಿನವರು ಏನು ಮಾಡಬೇಕು ಹೇಳಿ?

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ.

ಟಾಪ್ ಮೇಲೆ ಇಡುವವರು ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಸಾಮಾನ್ಯವಾಗಿ ಟಾಪ್ 50ರಿಂದ 75 ಕಿಲೋ ಹೊರುತ್ತದೆ, ಅದರಲ್ಲಿ ರ‍್ಯಾಕಿನ ತೂಕವೂ ಸೇರಿತು. ಕೆಲವು ಕಾರುಗಳ ಮೇಲಿನ ರೈಲ್ ಬರೀ ಶೋಕಿಗೆ ಅಂಟಿಸಿದ್ದು. ಅದಕ್ಕೆ ಏನನ್ನೂ ಕಟ್ಟಬೇಡಿ. ಗೇರಿನ ಸೈಕಲ್ ಒಂದೊಂದು 13ರಿಂದ 16 ಕಿಲೋ ಇರುತ್ತದೆ. ಬ್ಯಾಟರಿ ಸೈಕಲ್ 20 ದಾಟುತ್ತದೆ, ಬ್ಯಾಟರಿ ಕಳಚಿ ಒಳಗಿಡಿ. ಮೇಲೆ ನಿಲ್ಲಿಸಿದರೆ ಒಟ್ಟು ಎತ್ತರ ಎರಡೂವರೆ ಮೀಟರ್ ಮೀರುತ್ತದೆ. ನಮ್ಮ ತೋಟದ ದಾರಿಯಲ್ಲಿ ಹಲಸಿನ ಕೊಂಬೆ, ಸಿಲ್ವರ್ ಓಕ್ ಕೊಂಬೆ, ಗೇಟಿನ ಕಮಾನು ಎಲ್ಲಾ ಇವೆ. ಹೋಂಸ್ಟೇ ಪೋರ್ಟಿಕೋ ಬೇರೆ. ಎತ್ತರ ಅಳೆದು, ಚೀಟಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ.

ಸ್ಟೆಪ್ನಿ ಹಿಂಬಾಗಿಲ ಹೊರಗಿರುವ ಜೀಪಿನಂಥ ಗಾಡಿ ಇದ್ದರೆ ಸ್ಟೆಪ್ನಿಗೇ ಕೂರಿಸುವ ರ‍್ಯಾಕ್ ತೆಗೆದುಕೊಳ್ಳಿ. ಬೆಲ್ಟಿನ ರ‍್ಯಾಕಿಗಿಂತ ನನಗೆ ಇದು ಜಾಸ್ತಿ ಇಷ್ಟ.

ಪಿಕಪ್ ಇರುವವರಿಗೆ ಇದೆಲ್ಲಾ ಬೇಡ. ಹಿಂದಿನ ಬಾಗಿಲ ಮೇಲೆ ಹಳೇ ಕಂಬಳಿ ಹಾಸಿ, ಮುಂದಿನ ಚಕ್ರ ಹೊರಗೆ ಇಳಿಬಿಟ್ಟು, ಸಾಲಾಗಿ ನಿಲ್ಲಿಸಿ ಕಟ್ಟಿ. ಒಂದರ ಮೇಲೊಂದು ಸೌದೆ ಪೇರಿಸಿದಂತೆ ಪೇರಿಸಬೇಡಿ, ದಯವಿಟ್ಟು. ಟೆಂಟು ಹಾಕುವುದು ತೋಟದಲ್ಲಿ, ಹೋಂಸ್ಟೇ ಜಾಗದಲ್ಲಿ ಇರಲಿ. ಅನುಮತಿ ಇಲ್ಲದೆ ಕಾಡಿನೊಳಗೆ ಬೇಡ.

ಕೊನೆಯದು. ಮೊದಲ ಹತ್ತು ಹದಿನೈದು ಕಿಲೋಮೀಟರಿನಲ್ಲಿ ಎಲ್ಲಾ ಬೆಲ್ಟೂ ಒಂದು ಸಲ ಕೂತು ಸ್ವಲ್ಪ ಸಡಿಲ ಆಗುತ್ತದೆ. ಮಡಿಕೇರಿಯಿಂದ ವಿರಾಜಪೇಟೆ ಕಡೆ ಹೊರಟವರು ಮೂರ್ನಾಡಿನಲ್ಲಿ ನಿಲ್ಲಿಸಿ. ಕುಶಾಲನಗರದ ಕಡೆ ಹೊರಟವರು ಸುಂಟಿಕೊಪ್ಪದಲ್ಲಿ. ಇಳಿದ ಕೂಡಲೇ ಸೈಕಲ್ ಹಿಡಿದು ಅಲ್ಲಾಡಿಸಿ, ಬೆಲ್ಟ್ ಎಳೆಯಿರಿ. ಕಾಫಿ ಆಮೇಲೆ ಕುಡಿಯಿರಿ. ನಮಸ್ಕಾರ.