ಮಾರುವ ದಿನಕ್ಕೂ ಬೆಲೆ ಉಳಿಸುವ ಚಾವಣಿ

ಎಲ್ಲರಿಗೂ ನಮಸ್ಕಾರ.

ಮನೆ ಕೊಳ್ಳಲು ಬಂದವರನ್ನು ಸ್ವಲ್ಪ ಗಮನಿಸಿ. ಗೇಟಿನ ಹತ್ತಿರ ನಿಂತು ಒಂದು ಸಲ ತಲೆ ಎತ್ತಿ ನೋಡುತ್ತಾರೆ. ಒಳಗೆ ಬಂದ ಮೇಲೆ ಮತ್ತೆ ತಲೆ ಎತ್ತುತ್ತಾರೆ. ಈ ಸಲ ಸೀಲಿಂಗಿನ ಮೂಲೆ ಮೂಲೆ ನೋಡುತ್ತಾರೆ. ಎಲ್ಲಾದರೂ ಒಂದು ಕಂದು ಕಲೆ ಕಂಡರೆ ಮುಗಿಯಿತು. ಆಮೇಲೆ ಅಡುಗೆಮನೆ ಎಷ್ಟು ಚೆನ್ನಾಗಿದೆ ಅಂತ ನೀವು ಹೇಳಿದರೂ ಅದು ಅವರ ಕಿವಿಗೆ ಬೀಳುವುದಿಲ್ಲ. ಮನಸ್ಸಿನಲ್ಲಿ ಲೆಕ್ಕ ಶುರುವಾಗಿರುತ್ತದೆ. ರಿಪೇರಿಗೆ ಎಷ್ಟಾದೀತು, ಬೆಲೆಯಲ್ಲಿ ಎಷ್ಟು ಇಳಿಸಬಹುದು ಅಂತ. ಹೆದರಿಕೆಯಲ್ಲಿ ಹಾಕಿದ ಈ ಲೆಕ್ಕ ನಿಜವಾದ ಖರ್ಚಿಗಿಂತ ಜಾಸ್ತಿಯೇ ಇರುತ್ತದೆ.

ಚಾವಣಿ ಹಾಕಿಸುವಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ವರ್ಷ ಬಾಳುತ್ತದೆ? ಮುಂದೆ ಮನೆ ಮಾರುವ ಯೋಚನೆ ಇರುವವರು ಇನ್ನೊಂದನ್ನೂ ಕೇಳಬೇಕು. ನಾನು ಮಾರುವ ದಿನ ಇದರಲ್ಲಿ ಎಷ್ಟು ವರ್ಷ ಉಳಿದಿರುತ್ತದೆ, ಅದನ್ನು ಕೊಳ್ಳುವವರ ಕಣ್ಣಿಗೆ ತೋರಿಸೋಕೆ ಆಗುತ್ತಾ? ನಾನು ಇವತ್ತು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಆಯುಷ್ಯದ ಲೆಕ್ಕ ಹೀಗಿದೆ. ಆಸ್ಫಾಲ್ಟ್ ಶಿಂಗಲ್, ಅಂದರೆ ಡಾಂಬರು ಲೇಪಿಸಿದ ತೆಳು ಬಿಲ್ಲೆ, ಸುಮಾರು 15ರಿಂದ 30 ವರ್ಷ ಬರುತ್ತದೆ. ಅಂಚುಗಳನ್ನು ಮಡಿಸಿ ಒಂದಕ್ಕೊಂದು ಜೋಡಿಸುವ ಒಳ್ಳೆ ಲೋಹದ ಶೀಟು 40 ವರ್ಷ ದಾಟುತ್ತದೆ. ಚೆನ್ನಾಗಿ ಸುಟ್ಟ ಮಣ್ಣಿನ ಹೆಂಚು 50 ವರ್ಷಕ್ಕೂ ಮೇಲೆ ಬಾಳುತ್ತದೆ. ಸ್ಲೇಟ್ ಕಲ್ಲು 100 ವರ್ಷ ಕಂಡಿರುವುದೂ ಉಂಟು. ಈಗ ನಿಮ್ಮ ಯೋಜನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 12 ವರ್ಷ ಬಿಟ್ಟು ಮಾರುತ್ತೀರಿ ಅಂದುಕೊಳ್ಳೋಣ. ಇವತ್ತು ಹಾಕಿದ ಅಗ್ಗದ ಶಿಂಗಲ್ ಅಷ್ಟರಲ್ಲಿ ಮುಕ್ಕಾಲು ಪಾಲು ಸವೆದಿರುತ್ತದೆ. ಲೋಹದ ಶೀಟು ಇನ್ನೂ ಹರೆಯದಲ್ಲಿರುತ್ತದೆ. ಆದರೆ ಎರಡು ವರ್ಷದಲ್ಲೇ ಮಾರುವವರು ಸ್ಲೇಟಿಗೆ ಹಣ ಸುರಿದರೆ ಅದು ವಾಪಸ್ ಬರುವುದಿಲ್ಲ. ಅಕ್ಕಪಕ್ಕದ ಮನೆಗಳು ಯಾವ ಮಟ್ಟದಲ್ಲಿವೆಯೋ ಬೆಲೆಯೂ ಅದರ ಸುತ್ತಮುತ್ತಲೇ ನಿಲ್ಲುತ್ತದೆ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಹೊಸ ಚಾವಣಿಗೆ ಹಾಕಿದ ದುಡ್ಡು ಮಾರುವಾಗ ಪೂರ್ತಿಯಾಗಿ ಕೈಗೆ ಬರುವುದು ಅಪರೂಪ. ಹಾಗಾದರೆ ಲಾಭ ಏನು? ಬೆಲೆ ಕೊರೆಯಲು ಎದುರಿನವರಿಗೆ ಒಂದು ದೊಡ್ಡ ಕಾರಣ ಸಿಗುವುದಿಲ್ಲ. ಮಾತುಕತೆ ತಿಂಗಳುಗಟ್ಟಲೆ ಎಳೆಯುವುದಿಲ್ಲ. ಇದು ಸಣ್ಣ ಲಾಭವಲ್ಲ, ಮನೆ ಮಾರಿದವರಿಗೆ ಗೊತ್ತಿರುತ್ತದೆ.

ಭಾರದ ವಿಷಯಕ್ಕೆ ಬರೋಣ. ಜನ ಇಲ್ಲೇ ಎಡವುತ್ತಾರೆ. ಮಣ್ಣಿನ ಹೆಂಚು ಒಂದು ಚದರ ಮೀಟರಿಗೆ ಸುಮಾರು 40 ಕಿಲೋ ಅಥವಾ ಅದಕ್ಕೂ ಜಾಸ್ತಿ ತೂಗುತ್ತದೆ. ತೆಳು ಉಕ್ಕಿನ ಶೀಟು ಐದಾರು ಕಿಲೋ. 100 ಚದರ ಮೀಟರ್ ಚಾವಣಿ ಅಂದರೆ ಒಂದು ಕಡೆ ನಾಲ್ಕು ಟನ್, ಇನ್ನೊಂದು ಕಡೆ ಅರ್ಧ ಟನ್ನಿಗಿಂತ ಸ್ವಲ್ಪ ಮೇಲೆ. ಹಗುರ ಶೀಟಿಗೆಂದು ಕಟ್ಟಿದ ತೊಲೆ, ಪಕಾಸಿಗಳ ಮೇಲೆ ಹೆಂಚು ಹೊದಿಸಿದರೆ ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ. ನಿಧಾನವಾಗಿ ನೆತ್ತಿಯ ಗೆರೆ ನಡುವೆ ಕುಸಿಯುತ್ತದೆ. ಬೀದಿಯ ಆಚೆ ಬದಿಯಿಂದ ನೋಡಿದರೆ ಆ ಬಾಗು ಎದ್ದು ಕಾಣುತ್ತದೆ. ಹೆಂಚಿನ ಅಂದಕ್ಕೆ ಮನಸೋತಿದ್ದರೆ ಮೊದಲು ಎಂಜಿನಿಯರನ್ನು ಕರೆಸಿ, ಮರ ಈ ಭಾರ ತಡೆಯುತ್ತದಾ ಅಂತ ಲೆಕ್ಕ ಮಾಡಿಸಿ. ಆ ಲೆಕ್ಕದ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಇಳಿಜಾರು ಕಡಿಮೆ ಇರುವ ಮಾಡಿಗೆ ಹೆಂಚು ಬೇಡ. ಗಾಳಿ ಮಳೆಯಲ್ಲಿ ನೀರು ಹೆಂಚಿನ ಅಡಿಗೆ ಹಿಮ್ಮುಖವಾಗಿ ಹತ್ತುತ್ತದೆ. ಚಪ್ಪಟೆ ತಾರಸಿ ಇದ್ದವರು ಹೊದಿಕೆಯ ಬ್ರ್ಯಾಂಡ್ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ನೀರು ಯಾವ ಕಡೆ ಹರಿಯುತ್ತದೆ ನೋಡಿ. 80ಕ್ಕೆ 1ರಷ್ಟಾದರೂ ಓಟ, ಅಂದರೆ ಇಳಿಜಾರು, ಬೇಕು. ನಾಲ್ಕು ಮೀಟರ್ ಉದ್ದಕ್ಕೆ ಐದು ಸೆಂಟಿಮೀಟರ್. ಮಳೆ ನಿಂತು ಎರಡು ದಿನವಾದರೂ ತಾರಸಿಯಲ್ಲಿ ನೀರು ನಿಂತಿದ್ದರೆ ಎಂಥ ವಾಟರ್‌ಪ್ರೂಫಿಂಗ್ ಮಾಡಿಸಿದರೂ ಅದು ಬೇಗ ಸೋಲುತ್ತದೆ.

ಈಗ ನಾನು ಕಣ್ಣಾರೆ ಕಂಡದ್ದು. ಪರಿಚಯದವರೊಬ್ಬರು ಮನೆ ಕೊಳ್ಳುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಚಾವಣಿ ಹಾಕಿ ಎರಡೇ ವರ್ಷ ಆಗಿತ್ತು. ಹೊರಗಿನಿಂದ ನೋಡಿದರೆ ಒಂದು ಕೊರತೆ ಇಲ್ಲ. ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಹಲಗೆಯಿಂದ ಕೆಳಕ್ಕೆ ಇಣುಕುವ ಮೊಳೆಗಳ ತುದಿಯೆಲ್ಲ ತುಕ್ಕು ಹಿಡಿದಿತ್ತು. ಪ್ರತಿ ಮೊಳೆಯ ಸುತ್ತ ಮರದ ಮೇಲೆ ಕಪ್ಪು ಉಂಗುರ. ಬೆರಳಲ್ಲಿ ಮುಟ್ಟಿದರೆ ಹಲಗೆ ಒದ್ದೆ. ಹೊರಗಿನಿಂದ ಒಂದು ಹನಿ ಮಳೆನೀರೂ ಒಳಗೆ ಬಂದಿರಲಿಲ್ಲ. ಬಚ್ಚಲುಮನೆಯ ಫ್ಯಾನಿನ ಪೈಪನ್ನು ಯಾರೋ ಅಟ್ಟದೊಳಗೇ ಬಿಟ್ಟಿದ್ದರು. ಸೂರಿನ ಅಂಚಿನಲ್ಲಿ ಗಾಳಿ ಬರುವ ಸಂದುಗಳಿಗೆಲ್ಲ ಇನ್ಸುಲೇಷನ್ ತುರುಕಿದ್ದರು. ಆವಿಗೆ ಹೋಗಲು ದಾರಿಯೇ ಇರಲಿಲ್ಲ. ರಾತ್ರಿ ತಣ್ಣಗಾದ ಮೊಳೆಗಳ ಮೇಲೆ ಅದು ನೀರಾಗಿ ಕೂರುತ್ತಿತ್ತು. ಅಷ್ಟು ದುಡ್ಡು ಹಾಕಿದ ಹೊಸ ಚಾವಣಿ ಒಳಗಿನಿಂದ ಕೊಳೆಯುತ್ತಿತ್ತು. ನನಗೆ ನಿಜವಾಗಿಯೂ ಬೇಜಾರಾಯಿತು. ಚಾವಣಿ ಬದಲಿಸುವಾಗ ಅಂಚಿನಲ್ಲಿ ಗಾಳಿ ಒಳಗೆ ಬರಲು, ನೆತ್ತಿಯಲ್ಲಿ ಹೊರಗೆ ಹೋಗಲು ದಾರಿ ಬಿಡಿಸಿ. ಇದಕ್ಕೆ ತಗಲುವ ಖರ್ಚು ಒಟ್ಟು ಕೆಲಸದಲ್ಲಿ ಸಣ್ಣದು.

ಸೋರಿಕೆಯ ಬಗ್ಗೆ ಹೇಳುವುದಾದರೆ, ಹೆಂಚಿನ ಅಥವಾ ಶೀಟಿನ ನಡುಭಾಗ ಸೋರುವುದು ಕಡಿಮೆ. ಗೋಡೆ ತಾಗುವ ಜಾಗ, ಹೊಗೆಗೂಡಿನ ಸುತ್ತ, ಪೈಪು ಹೊರಬರುವ ತೂತು, ಎರಡು ಇಳಿಜಾರು ಕೂಡುವ ಮೂಲೆ, ಸೋರುವುದು ಹೆಚ್ಚಾಗಿ ಇಲ್ಲೇ. ಗೋಡೆಯ ಹತ್ತಿರ ಲೋಹದ ಪಟ್ಟಿಯನ್ನು ಮೇಲಕ್ಕೆ ಮಡಿಸಿ, ಗೋಡೆಯಲ್ಲಿ ಕೊರೆದ ಸೀಳಿನೊಳಗೆ ಅದರ ತುದಿ ಸೇರಿಸಿರಬೇಕು. ಬರೀ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಬಳಿದಿದ್ದರೆ ಅದು ಕೆಲವೇ ವರ್ಷದಲ್ಲಿ ಬಿರಿಯುತ್ತದೆ. ಈ ಪಟ್ಟಿಗೆ ಫ್ಲ್ಯಾಶಿಂಗ್ ಅನ್ನುತ್ತಾರೆ. ಕೊಟೇಶನ್ನಿನಲ್ಲಿ ಅದರ ಕೆಲಸ ಬೇರೆ ಸಾಲಿನಲ್ಲಿ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಹಳೆ ಪಟ್ಟಿಯನ್ನೇ ಉಳಿಸುತ್ತಾರೆ ಅಂತ ನಾನಂತೂ ಅಂದುಕೊಳ್ಳುತ್ತೇನೆ.

ಹಳೆ ಸ್ಲೇಟ್ ಅಥವಾ ಹೆಂಚಿನ ಮಾಡು ಇದ್ದವರು ಅವಸರದಲ್ಲಿ ಕಿತ್ತು ಹಾಕಬೇಡಿ. ಒಂದು ಕಲ್ಲನ್ನು ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಅಂದರೆ ಅದಕ್ಕಿನ್ನೂ ಜೀವ ಇದೆ. ಮಂಕಾಗಿ ಢಬ್ ಅಂದರೆ ಒಳಗೆ ಪದರ ಬಿಟ್ಟಿದೆ. ಎಷ್ಟೋ ಸಲ ಕಲ್ಲು ಗಟ್ಟಿಯಾಗೇ ಇರುತ್ತದೆ, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆ ತುಕ್ಕಿಗೆ ಸತ್ತಿರುತ್ತದೆ. ಅದೇ ಕಲ್ಲನ್ನು ತಾಮ್ರದ ಮೊಳೆಯಲ್ಲಿ ಮತ್ತೆ ಕೂರಿಸಬಹುದು. ಹಳೆ ಮನೆಗೆ ಅದರದೇ ಹಳೆ ಚಾವಣಿ ಉಳಿದಿದ್ದರೆ ಅದನ್ನು ಇಷ್ಟಪಡುವ ಗಿರಾಕಿ ಬಂದೇ ಬರುತ್ತಾರೆ.

ಕಲ್ನಾರಿನ ಶೀಟು, ಅಂದರೆ ಆಸ್‌ಬೆಸ್ಟಾಸ್, ಇದ್ದರೆ ಮಾತ್ರ ಬೇರೆ ಕಥೆ. ಆಸ್ಟ್ರೇಲಿಯಾ 2003ರಲ್ಲಿ, ಯುರೋಪಿಯನ್ ಒಕ್ಕೂಟ 2005ರಲ್ಲಿ ಇದನ್ನು ನಿಷೇಧಿಸಿವೆ. ಅದರ ನಾರು ಪುಪ್ಪುಸಕ್ಕೆ ಸೇರಿದರೆ ಕ್ಯಾನ್ಸರ್ ತರುತ್ತದೆ. ಸುಮ್ನೆ ಸುತ್ತಿಗೆ ಹಿಡಿದು ಒಡೆಯಬೇಡಿ. ತರಬೇತಿ ಇರುವವರಿಂದಲೇ ಇಳಿಸಬೇಕು.

ಹಳೆ ಪದರದ ಮೇಲೆಯೇ ಹೊಸದನ್ನು ಹೊದಿಸಿದರೆ ದುಡ್ಡು ಉಳಿಯುತ್ತದೆ, ನಿಜ. ಆದರೆ ಅಡಿಯ ಹಲಗೆ ಕೊಳೆತಿದೆಯಾ ಅಂತ ಯಾರೂ ನೋಡಿರುವುದಿಲ್ಲ. ತಿಳಿದವರು ಅಂಚಿನಲ್ಲಿ ಬಗ್ಗಿ ನೋಡಿದರೆ ಎರಡು ಪದರ ಕಾಣುತ್ತದೆ, ಅನುಮಾನ ಹುಟ್ಟುತ್ತದೆ. ಮಾರುವ ಮನೆಗೆ ಇದನ್ನು ನಾನು ಒಪ್ಪುವುದಿಲ್ಲ.

ಬಣ್ಣ ಆರಿಸುವಾಗ ನಿಮ್ಮ ಆಸೆಗೆ ಸ್ವಲ್ಪ ಕಡಿವಾಣ ಹಾಕಿ. ಗೋಡೆಯ ಬಣ್ಣ ಒಂದು ವಾರದಲ್ಲಿ ಬದಲಾಗುತ್ತದೆ, ಚಾವಣಿಯದು ಹಾಗಲ್ಲ. ಬಿಸಿಲಿನ ಪ್ರದೇಶದಲ್ಲಿ ತಿಳಿ ಬಣ್ಣವೇ ಒಳ್ಳೆಯದು. ಹೊಸ ಬಿಳಿ ಮೇಲ್ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಕಪ್ಪು ಹೆಚ್ಚುಕಡಿಮೆ ಎಲ್ಲವನ್ನೂ ನುಂಗಿ ಕೋಣೆಗೆ ಇಳಿಸುತ್ತದೆ. ಮಧ್ಯಾಹ್ನ ಮನೆ ನೋಡಲು ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ ಅಲ್ವಾ?

ಸೋಲಾರ್ ಪ್ಯಾನೆಲ್ ಹಾಕಿಸುವವರಿಗೆ ಒಂದು ಮಾತು. ಪ್ಯಾನೆಲ್ 25 ವರ್ಷ ನಡೆಯುತ್ತದೆ. ಅದರ ಅಡಿಯ ಚಾವಣಿಗೆ ಐದೇ ವರ್ಷ ಉಳಿದಿದ್ದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸುವ ಖರ್ಚು ಹೊಸ ಯಜಮಾನರ ತಲೆಗೆ ಬರುತ್ತದೆ. ಅವರು ಅದನ್ನು ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ಮೊದಲು ಚಾವಣಿ, ಆಮೇಲೆ ಪ್ಯಾನೆಲ್.

ಕೊನೆಗೆ ಕಾಗದಪತ್ರ. ಕೆಲಸ ನಡೆಯುವಾಗ ಒಂದೊಂದು ಪದರದ ಫೋಟೋ ತೆಗೆಯಿರಿ. ಬರೀ ಹಲಗೆ, ಅದರ ಮೇಲಿನ ಹಾಳೆ, ಫ್ಲ್ಯಾಶಿಂಗ್, ಕೊನೆಯ ಹೊದಿಕೆ. ಮುಚ್ಚಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ, ಫೋಟೋ ಇದ್ದರೆ ಮಾತ್ರ ಸಾಕ್ಷಿ. ವಾರಂಟಿಯ ಸಣ್ಣ ಅಕ್ಷರಗಳನ್ನು ಸಹಿ ಹಾಕುವ ಮೊದಲೇ ಓದಿ. ಕೆಲವು ವಾರಂಟಿ ಮೊದಲ ಮಾಲೀಕರ ಜೊತೆಗೇ ಮುಗಿಯುತ್ತವೆ. ಕೆಲವು ಒಂದು ಸಲ ಮಾತ್ರ ಕೈ ಬದಲಾಗುತ್ತವೆ, ಅದೂ ಮನೆ ಮಾರಿದ ಮೇಲೆ ಗೊತ್ತುಮಾಡಿದ ದಿನಗಳೊಳಗೆ ಕಂಪನಿಗೆ ಬರೆದು ತಿಳಿಸಿದರೆ. ವರ್ಗಾವಣೆ ಆಗುವ ವಾರಂಟಿಗೆ ಸ್ವಲ್ಪ ಜಾಸ್ತಿ ಕೊಡಬೇಕಾಗಿ ಬಂದರೂ ಕೊಡಿ.

ನಿಮ್ಮಲ್ಲಿ ಯಾರಾದರೂ ಮನೆಯ ಚಾವಣಿಯ ಫೋಟೋ ತಂದಿದ್ದರೆ ಮುಂದೆ ಬನ್ನಿ, ಒಟ್ಟಿಗೆ ನೋಡೋಣ.