ದೊಡ್ಡಪತ್ರೆ ತಂಬ್ಳಿ ಒಡೆದಿದ್ದು ಯಾಕೆ? ಮಳೆಗಾಲದ ಅಡುಗೆಮನೆಯಿಂದ

ನಮಸ್ಕಾರ. ಹಿಂದೆ ಕೇಳ್ತಾ ಇರೋ ಸದ್ದು ಮೈಕಿನ ತೊಂದರೆ ಅಲ್ಲ, ಹಂಚಿನ ಮೇಲೆ ಬೀಳ್ತಾ ಇರೋ ಮಳೆ. ಶಿರಸಿಯ ಜುಲೈ ತಿಂಗಳಲ್ಲಿ ಮಳೆ ನಿಲ್ಲಲಿ, ಆಮೇಲೆ ಶೂಟ್ ಮಾಡೋಣ ಅಂತ ಕೂತರೆ ಗಣೇಶ ಚೌತಿನೇ ಬಂದುಬಿಡುತ್ತೆ. ಹಾಗಾಗಿ ಸ್ವಲ್ಪ ಜೋರಾಗಿಯೇ ಮಾತಾಡ್ತೀನಿ.

ಇದು ದೊಡ್ಡಪತ್ರೆ. ಇವತ್ತು ಇದರ ತಂಬ್ಳಿ, ಅಂದ್ರೆ ಕಾಯಿ, ಮಜ್ಜಿಗೆ ಸೇರಿಸಿ ಕುದಿಸದೆ ಮಾಡೋ ಪದಾರ್ಥ. ಸಾಂಬಾರ ಸೊಪ್ಪು, ಸಾಂಬಾರ ಬಳ್ಳಿ, ಕರ್ಪೂರವಳ್ಳಿ, ನಿಮ್ಮ ಕಡೆ ಯಾವ ಹೆಸರಿದೆಯೋ ಅದೇ ಇಟ್ಕೊಳ್ಳಿ. ಹತ್ತಿರದಿಂದ ನೋಡಿ: ಎಲೆ ದಪ್ಪ, ಅಂಚಲ್ಲಿ ದುಂಡು ದುಂಡು ಹಲ್ಲು, ಮೈಮೇಲೆಲ್ಲ ಸಣ್ಣ ರೋಮ. ಆ ರೋಮಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ಗ್ರಂಥಿಗಳಿವೆ. ಬೆರಳಲ್ಲಿ ಉಜ್ಜಿದ ತಕ್ಷಣ ಮೂಗಿಗೆ ಹೊಡೆಯೋದು ಅವು ಒಡೆದಾಗ ಬರೋ ಘಾಟು. ಈ ಸೊಪ್ಪಿನ ರುಚಿ, ಔಷಧದ ಗುಣ, ತೊಂದರೆ ಎಲ್ಲ ಇರೋದು ಆ ಘಾಟಿನಲ್ಲೇ. ಅದನ್ನ ಎಷ್ಟು ಉಳಿಸಬೇಕು, ಎಷ್ಟು ಇಳಿಸಬೇಕು ಅನ್ನೋದು ಗೊತ್ತಾದರೆ ಸಾಕು, ಉಳಿದದ್ದು ಸುಲಭ.

ಎಲೆ ಕೊಯ್ಯೋದನ್ನ ನೋಡ್ತಾ ಇರಿ, ಅಷ್ಟರಲ್ಲಿ ಒಂದು ಗೊಂದಲ ಬಿಡಿಸ್ತೀನಿ. ನರ್ಸರಿಗಳಲ್ಲಿ ಇದಕ್ಕೆ "ಅಜ್ವೈನ್ ಗಿಡ" ಅಂತ ಚೀಟಿ ಅಂಟಿಸಿ ಮಾರ್ತಾರೆ. ಓಮದ ಕಾಳು ಈ ಗಿಡದಿಂದ ಬರೋದಲ್ಲ. ಓಮ ಕೊತ್ತಂಬರಿ, ಜೀರಿಗೆಗಳ ಬಳಗದ್ದು, ಇದು ತುಳಸಿ, ಪುದೀನದ ಬಳಗದ್ದು. ಎಳೇ ದಂಟನ್ನ ಬೆರಳ ನಡುವೆ ತಿರುಗಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತೆ, ತುಳಸಿ ದಂಟಿನ ಹಾಗೇ. ವಾಸನೆ ಒಂದೇ ಥರ ಇರೋಕೆ ಕಾರಣ ಥೈಮೋಲ್ ಅನ್ನೋ ವಸ್ತು, ಅದು ಎರಡರಲ್ಲೂ ಇದೆ. ಇದರಲ್ಲಿ ಜೊತೆಗೆ ಕಾರ್ವಕ್ರಾಲ್ ಕೂಡ ಇದೆ. ಪಿಜ್ಜಾ ಮೇಲೆ ಉದುರಿಸ್ತಾರಲ್ಲ ಓರೆಗಾನೊ, ಅದರ ಘಾಟೂ ಇದೇ ಕಾರ್ವಕ್ರಾಲ್‌ನದ್ದು. ಅದಕ್ಕೇ ಹೊರದೇಶದಲ್ಲಿ ದೊಡ್ಡಪತ್ರೆಗೆ ಕ್ಯೂಬನ್ ಓರೆಗಾನೊ ಅಂತ ಹೆಸರು. ಸಸ್ಯಶಾಸ್ತ್ರದಲ್ಲಿ ಇದು ಕೋಲಿಯಸ್ ಅಂಬೊಯಿನಿಕಸ್. ಇಂಡೋನೇಷ್ಯಾದ ಅಂಬೊನ್ ದ್ವೀಪದ ಹೆಸರು ಅದರೊಳಗೆ ಸೇರಿಕೊಂಡಿದೆ. ಅದೇ ಇಂಡೋನೇಷ್ಯಾದ ಇನ್ನೊಂದು ದ್ವೀಪ ಸುಮಾತ್ರಾದಲ್ಲಿ ಬಟಕ್ ಜನ ಬಾಣಂತಿಗೆ ಎದೆಹಾಲು ಹೆಚ್ಚಲಿ ಅಂತ ಇದೇ ಸೊಪ್ಪಿನ ಸಾರು ಮಾಡಿ ಕೊಡ್ತಾರೆ. ವಿಯೆಟ್ನಾಮಿನಲ್ಲಿ ಕೆಮ್ಮಿಗೆ ಕಲ್ಲುಸಕ್ಕರೆ ಹಾಕಿ ಹಬೆಯಲ್ಲಿ ಬೇಯಿಸಿ ರಸ ತೆಗೀತಾರೆ. ನಮ್ಮ ಹಿತ್ತಲಿನ ಸೊಪ್ಪು ಎಲ್ಲೆಲ್ಲಿ ಯಾರ್ಯಾರ ಅಡುಗೆಮನೆಯಲ್ಲಿದೆ ನೋಡಿ.

ಸರಿ, ಎಲೆ ತೊಳೆದಾಯ್ತು. ನಾಲ್ಕು ಜನಕ್ಕೆ ಹದ ಗಾತ್ರದ 12ರಿಂದ 15 ಎಲೆ. ಆದರೆ ಮಳೆಗಾಲದಲ್ಲಿ ಈ ಎಣಿಕೆ ನಂಬಬೇಡಿ. ನೆರಳು, ನೀರು ಹೆಚ್ಚಾದಾಗ ಎಲೆ ಅಂಗೈಯಷ್ಟು ಅಗಲ ಆಗುತ್ತೆ, ಘಾಟು ಕಡಿಮೆ ಆಗುತ್ತೆ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಎಲೆ ಚಿಕ್ಕದು, ಗಡುಸು, ಸ್ವಲ್ಪ ಹಳದಿ, ಒಂದು ಜಗಿದರೂ ನಾಲಿಗೆ ಚುರುಗುಟ್ಟುತ್ತೆ. ಹಾಗಾಗಿ ಈಗ ಒಂದು ಹಿಡಿ ತಗೊಳ್ಳಿ, ಬೇಸಿಗೆಯಲ್ಲಿ ಅದರರ್ಧ ಸಾಕು.

ಬಾಣಲೆಗೆ ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು. ಮೆಣಸು ಪಟ್ ಅಂದಮೇಲೆ ಎಲೆ ಹರಿದು ಹಾಕಿ. ಸಣ್ಣ ಉರಿ. ಹಸಿರು ಹೋಗಿ ಮಂಕು ಪಾಚಿಬಣ್ಣ ಬಂತಲ್ಲ, ಹೆದರಬೇಡಿ, ಬಿಸಿ ತಗುಲಿದಾಗ ಎಲೆಯ ಹಸಿರಿನೊಳಗಿನ ಮೆಗ್ನೀಸಿಯಂ ಕಳಚಿಕೊಳ್ಳುತ್ತೆ, ಅದರಿಂದ ಬಂದ ಬಣ್ಣ ಇದು. ಎರಡರಿಂದ ಮೂರು ನಿಮಿಷ, ಎಲೆ ಮುದುಡಿ ನೀರು ಬಿಟ್ಟು ಆ ನೀರು ಆರೋತನಕ. ಅಲ್ಲಿಗೆ ನಿಲ್ಲಿಸಿ. ಅಂಚು ಕಪ್ಪಾಗೋವರೆಗೆ ಹುರಿದರೆ ಕಹಿ. ಹುರಿಯದೆ ಹಸಿಯಾಗೇ ಬೀಸಿದರೆ ಗಂಟಲು ಕೆರೆಯುತ್ತೆ. ಎಣ್ಣೆಯ ಅಂಶ ಬಿಸಿಗೆ ಹಾರಿಹೋಗೋದರಿಂದ ಹುರಿಯೋ ಎರಡು ನಿಮಿಷ ಅಂದ್ರೆ ಘಾಟನ್ನ ಹದಕ್ಕೆ ಇಳಿಸೋ ಎರಡು ನಿಮಿಷ.

ಕಾಳುಮೆಣಸೇ ಯಾಕೆ, ಹಸಿಮೆಣಸು ಬೇಡವಾ? ಬೇಡ. ಶಿರಸಿಯ ಅಡಿಕೆ ತೋಟದಲ್ಲಿ ಮರಮರಕ್ಕೂ ಮೆಣಸಿನ ಬಳ್ಳಿ ಹಬ್ಬಿರುವಾಗ ತಂಬ್ಳಿಗೆ ಹಸಿಮೆಣಸು ಹಾಕೋದು ತಪ್ಪು ಅಂತಲೇ ಹೇಳ್ತೀನಿ.

ಈಗ ಕಾಯಿತುರಿ ಅರ್ಧ ಬಟ್ಟಲು. ಮಿಕ್ಸಿ ತಿರುಗಿತು. ಮಜ್ಜಿಗೆ ಹೋಯ್ತು.

ಇಲ್ಲಿ ನಿಲ್ಲಿಸ್ತೀನಿ. ಇದನ್ನ ನೋಡಿ. ಪಾತ್ರೆಯ ಅಂಚಿನಲ್ಲಿ ತಿಳಿ ಹಸಿರು ನೀರು ಬೇರೆ, ನಡುವೆ ರವೆ ರವೆ ಥರ ಗಟ್ಟಿ ಬೇರೆ. ತಂಬ್ಳಿ ಒಡೆದಿದೆ. ಈ ಶಾಟ್ ಕತ್ತರಿಸಿ ಚೆನ್ನಾಗಿರೋ ಇನ್ನೊಂದನ್ನ ಹಾಕಬಹುದಿತ್ತು, ಹಾಕಲಿಲ್ಲ. ತಂಬ್ಳಿ ಕೆಡೋದು ಹೆಚ್ಚಾಗಿ ಹೀಗೇ, ಮತ್ತು ಯಾಕೆ ಅಂತ ಯಾರೂ ಬಿಡಿಸಿ ಹೇಳೋದಿಲ್ಲ.

ಮೂರು ತಪ್ಪು ಒಟ್ಟಿಗೆ ಆಗಿದೆ. ಮೊದಲನೆಯದು, ಬಾಣಲೆಯಿಂದ ಇಳಿಸಿದ ಎಲೆ ಪೂರ್ತಿ ಆರಿರಲಿಲ್ಲ. ಹೊರಗೆ ತಣ್ಣಗೆ ಕಂಡರೂ ದಪ್ಪ ಎಲೆ ಒಳಗೆ ಬಿಸಿ ಹಿಡಿದಿಟ್ಕೊಳ್ಳುತ್ತೆ, ಮಿಕ್ಸಿ ತಿರುಗಿದಾಗ ಇನ್ನಷ್ಟು ಬಿಸಿ ಸೇರುತ್ತೆ. ಎರಡನೆಯದು, ಮಜ್ಜಿಗೆ ಮೂರು ದಿನದ್ದು, ಹಲ್ಲು ಚುಳ್ ಅನ್ನೋಷ್ಟು ಹುಳಿ. ಹುಳಿ ಏರಿದ ಮಜ್ಜಿಗೆಯಲ್ಲಿ ಹಾಲಿನ ಪ್ರೋಟೀನು ಮೊದಲೇ ಗಂಟುಕಟ್ಟಿಕೊಂಡು ಕೂತಿರುತ್ತೆ. ಅದಕ್ಕೆ ಬಿಸಿ ತಗುಲಿದರೆ ಇನ್ನೂ ಮುದುಡಿ, ಒಳಗಿನ ನೀರನ್ನ ಹಿಂಡಿ ಹೊರಗೆ ಹಾಕುತ್ತೆ. ಆ ಹಸಿರು ನೀರು ಅದೇ. ಮೂರನೆಯದು, ಮಜ್ಜಿಗೆಯನ್ನ ಮಿಕ್ಸಿಗೇ ಹಾಕಿದ್ದು. ಮಿಕ್ಸಿಯ ಬ್ಲೇಡ್ ಕಡೆಗೋಲಿಗಿಂತ ನೂರುಪಟ್ಟು ಒರಟು. ಕೆನೆ ಇರೋ ಮೊಸರಾದರೆ ಒಂದು ನಿಮಿಷದಲ್ಲಿ ಬೆಣ್ಣೆಯ ಕಣ ಕಟ್ಟಿ ಮೇಲೆ ತೇಲೋಕೆ ಶುರು. ಹತ್ತಿರ ತೋರಿಸ್ತೀನಿ, ಆ ಬಿಳಿ ಚುಕ್ಕೆಗಳು ಕಾಯಿ ಅಲ್ಲ, ಬೆಣ್ಣೆ.

ಇನ್ನೊಂದು, ಇದು ಅಪಾಯದ ಮಾತು: ಬಿಸಿ ಇರೋದನ್ನ ಮಿಕ್ಸಿ ಜಾರಿಗೆ ಹಾಕಿ ಮುಚ್ಚಿದರೆ ಒಳಗಿನ ಹಬೆ ಮುಚ್ಚಳವನ್ನೇ ಎತ್ತಿ ಎಸೆಯುತ್ತೆ. ಮುಖ ಸುಟ್ಕೋಬೇಡಿ.

ಒಡೆದದ್ದನ್ನ ಹಿಂದಕ್ಕೆ ತರೋಕಾಗಲ್ಲ. ನೀರು ಹಾಕಿ ಕಡೆದರೆ ಸರಿಹೋಗುತ್ತೆ ಅನ್ನೋದು ಸುಳ್ಳು, ಐದು ನಿಮಿಷ ಬಿಟ್ಟು ನೋಡಿ, ಮತ್ತೆ ಬೇರೆ. ಆದರೆ ಚೆಲ್ಲಬೇಡಿ, ಇದನ್ನ ಪಳದ್ಯದ, ಅಂದ್ರೆ ಬಿಸಿ ಮಾಡೋ ಮಜ್ಜಿಗೆಹುಳಿಯಂಥ ಪದಾರ್ಥದ ದಾರಿಗೆ ತಿರುಗಿಸಿ. ಒಂದು ಚಮಚ ಅಕ್ಕಿಹಿಟ್ಟನ್ನ ತಣ್ಣೀರಲ್ಲಿ ಕದಡಿ ಇದಕ್ಕೆ ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ. ಅಕ್ಕಿಯ ಗಂಜಿ ಪ್ರೋಟೀನನ್ನ ಸುತ್ತಿಕೊಂಡು ಮತ್ತಷ್ಟು ಗಂಟಾಗದ ಹಾಗೆ ತಡೆಯುತ್ತೆ, ನೀರನ್ನೂ ಹಿಡ್ಕೊಳ್ಳುತ್ತೆ. ಒಂದು ಚಿಟಿಕೆ ಅರಿಶಿನ, ಮೇಲೊಂದು ಒಗ್ಗರಣೆ. ತಂಬ್ಳಿ ಅಲ್ಲ, ಆದರೆ ಬಿಸಿ ಅನ್ನಕ್ಕೆ ಒಳ್ಳೇ ಪದಾರ್ಥ.

ಮತ್ತೆ ಮೊದಲಿಂದ. ಎಲೆ ತಟ್ಟೆಯಲ್ಲಿ ಹರಡಿ 15 ನಿಮಿಷ ಆರಲಿ. ಈ ಸಲ ಕಾಯಿ, ಜೀರಿಗೆ, ಮೆಣಸು, ಎಲೆ, ನಾಲ್ಕು ಚಮಚ ತಣ್ಣೀರು ಮಾತ್ರ ಮಿಕ್ಸಿಗೆ. ನುಣ್ಣಗೆ ಬೀಸಿ. ಪಾತ್ರೆಗೆ ತೆಗೆದಮೇಲೆ ಒಂದೂವರೆ ಬಟ್ಟಲು ಹೊಸ ಮಜ್ಜಿಗೆ, ಅದೂ ಕಡೆದು ಬೆಣ್ಣೆ ತೆಗೆದದ್ದು, ಸೌಟಿನಲ್ಲಿ ಕಲಸಿ. ಉಪ್ಪು. ಒಗ್ಗರಣೆಗೆ ಸಾಸಿವೆ, ಒಂದು ಒಣಮೆಣಸು, ಅದನ್ನೂ ಅರ್ಧ ನಿಮಿಷ ಆರಿಸಿ ಹಾಕಿ. ನೋಡಿ, ಒಂದೇ ಸಮ, ಕೆನೆಯ ಹಾಗೆ. ತಂಪು ಹುಳಿ ಅನ್ನೋದೇ ತಂಬುಳಿ ಆಯ್ತು ಅಂತಾರೆ. ಕುದಿಸೋ ಮಾತೇ ಇಲ್ಲ.

ರುಚಿ ನೋಡ್ತೀನಿ. ಘಾಟು ಸರಿಯಿದೆ, ಮೂಗಿನವರೆಗೆ ಹೋಗಿ ನಿಲ್ಲುತ್ತೆ. ಕೊನೆಗೊಂದು ಸಣ್ಣ ಕಹಿ ಉಳೀತಾ ಇದೆ. ತಂಬ್ಳಿಗೆ ಬೆಲ್ಲ ಹಾಕ್ಬಾರದು ಅನ್ನೋದು ನನ್ನ ಹಟ, ಆದರೆ ಇದಕ್ಕೆ ಗೋಲಿಯ ಅರ್ಧದಷ್ಟು ಬೆಲ್ಲ ಬೇಕು. ಹಾಕಿ. ಹಾಂ, ಈಗ ಕೂತಿತು. ಹಸಿಮೆಣಸಿನ ಮಾತನ್ನೂ ಸ್ವಲ್ಪ ಸಡಿಲ ಮಾಡ್ತೀನಿ. ಘಟ್ಟದ ಕೆಳಗೆ, ಕುಮಟಾ, ಅಂಕೋಲಾ ಕಡೆ ಕುಚ್ಚಲಕ್ಕಿ ಅನ್ನದ ಜೊತೆ ಉಣ್ಣೋರಿಗೆ ಒಂದು ಹಸಿಮೆಣಸಿನ ಖಾರ ಹೊಂದುತ್ತೆ. ಜೀರಿಗೆ ಮಾತ್ರ ಬಿಡಬೇಡಿ.

ಇನ್ನು ಔಷಧದ ವಿಷಯ. ಇಲ್ಲಿ ನೇರವಾಗಿ ಮಾತಾಡಬೇಕು. ಥೈಮೋಲ್, ಕಾರ್ವಕ್ರಾಲ್ ಎರಡೂ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ, ಬೂಷ್ಟನ್ನ ತಡೆಯುತ್ತವೆ, ಇದು ನಿಜ. ಗಾಜಿನ ತಟ್ಟೆಯಲ್ಲಿ ಆದದ್ದು ಶ್ವಾಸಕೋಶದಲ್ಲೂ ಹಾಗೇ ಆಗುತ್ತೆ ಅಂತಲ್ಲ. ದೊಡ್ಡಪತ್ರೆ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತೆ, ಕಿಡ್ನಿ ಕಲ್ಲು ಕರಗುತ್ತೆ ಅಂತ ವಿಡಿಯೊ ಮಾಡೋರ ಮಾತು ಕೇಳಿ ಮಾತ್ರೆ ಬಿಟ್ಟರೆ ಜೀವಕ್ಕೇ ಕುತ್ತು. ಇದು ನೆಗಡಿ, ಗಂಟಲು ಕೆರೆತ, ಹೊಟ್ಟೆ ಉಬ್ಬರಕ್ಕೆ ಮನೆಯಲ್ಲಿ ಸಿಗೋ ಹಿತ. ಅಷ್ಟು ಸಣ್ಣ ಕೆಲಸ ಅಲ್ಲ ಅದು, ಅದಕ್ಕೆ ಇಲ್ಲದ ದೊಡ್ಡಸ್ತಿಕೆ ಕಟ್ಟೋದು ಬೇಡ.

ಕಷಾಯಕ್ಕೆ ಎರಡು ಲೋಟ ನೀರು, ನಾಲ್ಕು ಎಲೆ, ನಾಲ್ಕು ಕಾಳುಮೆಣಸು ಜಜ್ಜಿದ್ದು, ಬೆರಳ ತುದಿಯಷ್ಟು ಶುಂಠಿ. ಮೆಣಸು, ಶುಂಠಿ ಮೊದಲು ಐದು ನಿಮಿಷ ಕುದಿಯಲಿ. ಎಲೆಯನ್ನ ಕೊನೆಗೆ, ಒಲೆ ಆರಿಸಿದಮೇಲೆ ಹಾಕಿ ಮುಚ್ಚಿಡಿ. ಎಲೆ ಹಾಕಿ ಹದಿನೈದು ನಿಮಿಷ ಕೊತಕೊತ ಕುದಿಸೋರು ಬಹಳ ಜನ. ಮನೆ ತುಂಬಾ ಪರಿಮಳ ಬರುತ್ತೆ, ಹೌದು, ಅಂದ್ರೆ ಲೋಟದಲ್ಲಿ ಇರಬೇಕಾದದ್ದು ಗಾಳಿಗೆ ಹೋಯ್ತು ಅಂತ ಅರ್ಥ.

ಮಕ್ಕಳಿಗೆ ಎಲೆಯನ್ನ ಕೆಂಡದ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಸೇರಿಸಿ ಕೊಡೋ ರೂಢಿ ಇದೆ. ಒಂದು ವರ್ಷದ ಒಳಗಿನ ಮಗುವಿಗೆ ಜೇನು ಒಂದು ಹನಿಯೂ ಬೇಡ. ಜೇನಿನಲ್ಲಿ ಬಾಟುಲಿಸಂ ಅನ್ನೋ, ನರಗಳನ್ನ ಸೋಲಿಸೋ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಅಷ್ಟು ಸಣ್ಣ ಕರುಳಿಗೆ ಅದನ್ನ ತಡೆಯೋ ಶಕ್ತಿ ಇರಲ್ಲ. ಆ ವಯಸ್ಸಿಗೆ ಈ ಎಲೆಯ ರಸವೂ ಬೇಡ, ಘಾಟು ಜಾಸ್ತಿ ಆಗುತ್ತೆ. ದೊಡ್ಡ ಮಕ್ಕಳಿಗೆ ತಂಬ್ಳಿಯಲ್ಲಿ ಹೋಗೋದೇ ಸಾಕು. ಕೂಸು ಬೇಗ ಬೇಗ ಉಸಿರಾಡ್ತಾ, ಪಕ್ಕೆ ಒಳಗೆ ಎಳೀತಾ ಇದ್ದರೆ ಎಲೆ ಹುಡುಕ್ತಾ ಹಿತ್ತಲಿಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ. ಬಸುರಿಯರು ಊಟದ ಪ್ರಮಾಣ ಮೀರಿ ರಸ ಕುಡಿಯೋದು ಬೇಡ.

ಪಿತ್ತದ ಗಂಧೆ ಎದ್ದಾಗ ಎಲೆ ಉಜ್ಜೋದು ನಿಮಗೆಲ್ಲ ಗೊತ್ತು. ಉಜ್ಜಬಹುದು, ಆದರೆ ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ, ಕೆಲವರ ಚರ್ಮಕ್ಕೆ ಈ ಎಲೆಯೇ ಉರಿ ತರುತ್ತೆ. ತುಟಿ, ನಾಲಿಗೆ ಊದಿಕೊಂಡರೆ ಅದು ಸೊಪ್ಪಿನಲ್ಲಿ ಮುಗಿಯೋ ವಿಷಯವೇ ಅಲ್ಲ, ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು.

ಬಜ್ಜಿ ಬಗ್ಗೆ ಬೇಗ ಹೇಳಿಬಿಡ್ತೀನಿ, ಎಣ್ಣೆ ಕಾಯ್ತಾ ಇದೆ. ಒಂದು ಬಟ್ಟಲು ಕಡಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಖಾರಪುಡಿ, ಉಪ್ಪು, ಇಂಗು. ಓಮ ಹಾಕಬೇಡಿ, ಆ ಘಾಟು ಎಲೆಯಲ್ಲೇ ಇದೆ. ಎಲೆಯನ್ನ ಬಟ್ಟೆಯಲ್ಲಿ ಒತ್ತಿ ಒರೆಸಿ, ರೋಮದ ನಡುವೆ ನೀರು ನಿಂತಿದ್ದರೆ ಹಿಟ್ಟು ಜಾರುತ್ತೆ, ಎಣ್ಣೆ ಸಿಡಿಯುತ್ತೆ. ತೆಗೆಯಿರಿ, ತೆಗೆಯಿರಿ, ಬಣ್ಣ ಬಂತು.

ಕೊನೆಗೆ ಗಿಡ. ಈ ಕುಂಡಕ್ಕೆ ಕೊಟ್ಟದ್ದು 80 ರೂಪಾಯಿ, ಕೊಡಬಾರದಿತ್ತು, ಪಕ್ಕದ ಮನೆಯ ಒಂದು ದಂಟು ಸಾಕಿತ್ತು. ನರ್ಸರಿಯಿಂದ ತಂದರೆ ಇರೋ ಎಲೆ ಎಲ್ಲ ಕಿತ್ತು ಗೊಬ್ಬರಗುಂಡಿಗೆ ಹಾಕಿ, ಏನು ಸಿಂಪಡಿಸಿದ್ದಾರೋ ತಿಳಿಯಲ್ಲ. ತಿಂಗಳ ಮೇಲೆ ಬರೋ ಹೊಸ ಚಿಗುರು ತಿನ್ನಿ. ನಮ್ಮ ಜಿಲ್ಲೆಯಲ್ಲಿ ಇದು ಸಾಯೋದು ನೀರು ಹೆಚ್ಚಾಗಿಯೇ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳೋ ಗಿಡವನ್ನ ಅಂಥ ಮಳೆಗೆ ಬಿಟ್ಟರೆ ಬುಡ ಕಪ್ಪಾಗಿ ಕೊಳೆಯುತ್ತೆ. ಮಾಡಿನ ಅಂಚಿನ ನೀರು ಸುರಿಯೋ ಜಾಗದಿಂದ ಎತ್ತಿ ಕಟ್ಟೆಯ ಮೇಲಿಡಿ. ಕೆಂಪು ಮಣ್ಣು, ಮರಳು, ಗೊಬ್ಬರ ಸಮಸಮ ಇರಲಿ.

ಬುಡ ಮೆತ್ತಗಾಗಿದ್ದರೂ ತುದಿ ಗಟ್ಟಿಯಿದ್ದರೆ ಗಿಡ ಹೋಗಿಲ್ಲ. ನಾಲ್ಕು ಬೆರಳಷ್ಟು ತುದಿ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಗಾಯ ಆರೋಕೆ ಅರ್ಧ ದಿನ ನೆರಳಲ್ಲಿಟ್ಟು ನೆಡಿ. ಎರಡು ವಾರದಲ್ಲಿ ಬೇರು ಹಿಡಿಯುತ್ತೆ. ಇವತ್ತು ತಂಬ್ಳಿಗೆ ಎಲೆ ಕಿತ್ತಮೇಲೆ ಉಳಿದ ದಂಟು ಇಲ್ಲೇ ಇದೆ ನೋಡಿ, ಮೂರು. ಸಂಜೆಗೆ ಇವನ್ನ ನೆಡೋದು.